ಐವತ್ತೊಂಬತ್ತರ ಕೈಗುರುತು

ನನ್ನ ಗಂಡನ ಬಲಗೈ ಹಳೇ ಶಾಲೆಯ ಆಟದ ಹಾಲ್‌ನ ಗೋಡೆಯ ಮೇಲಿತ್ತು. ಉಳಿದ ಮೈಯನ್ನು ಫೆಬ್ರವರಿಯಲ್ಲಿ ಹೂಳಿದೆವು. ಮಣ್ಣು ಹೆಪ್ಪುಗಟ್ಟಿತ್ತು. ಯಂತ್ರ ತಂದು ಅಗೆದರು.

ಸತ್ತಾಗ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿದರು. ಥರ್ಮನ್ ಗೇನ್ಸ್, ಎಪ್ಪತ್ತಾರು ವರ್ಷ, ಶಾಲೆಯ ಕೆಲಸಗಾರ, ಹೆಂಡತಿ ವರ್ಡೆಲ್‌ಳನ್ನು ಅಗಲಿದ್ದಾರೆ. ಅಷ್ಟೇ. ಅದು ಸಾಲದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ. ಒಂಬತ್ತು ವರ್ಷದವನಿದ್ದಾಗ ಅಪ್ಪನ ಜೊತೆ ರೈಲು ಹತ್ತಿ ಈ ಬ್ರಾಡಿ ಫೆರ್ರಿಗೆ ಬಂದ. ಅಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಡುವ ಕೋಕ್ ಒಲೆಯ ಮೇಲೆ ಕೆಲಸ. ಮಗ ಬೆಳೆದ. ನಿಲ್ಲದೆ ಬೆಳೆದ. ಹದಿನೇಳಕ್ಕೆ ಆರಡಿ ಆರಂಗುಲ. ನಮ್ಮೂರಿನಲ್ಲಿ ಹಾಗೆ ಬೆಳೆದವನನ್ನು ಯಾರೂ ಏನೂ ಕೇಳುವುದಿಲ್ಲ. ಕರೆದುಕೊಂಡು ಹೋಗಿ ಬಾಸ್ಕೆಟ್‌ಬಾಲ್ ತಂಡದ ಸೆಂಟರ್ ಮಾಡುತ್ತಾರೆ. ಸೆಂಟರ್ ಎಂದರೆ ತಂಡದ ಅತಿ ಎತ್ತರದ ಆಳು. ರಿಂಗ್ ಕೆಳಗೆ ನಿಂತು ಏಟು ತಿನ್ನುವುದು ಅವನ ಕೆಲಸ.

ಆ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಶಾಲೆ ಬಿಡುವ ವರ್ಷ, ಕೊನೆಯ ಪಂದ್ಯ ಮುಗಿದ ಮೇಲೆ, ಸೆಂಟರ್ ಆದವನು ಪೂರ್ವದ ಗೋಡೆಯ ಹತ್ತಿರ ಹೋಗಬೇಕು. ಕಬ್ಬಿಣಕ್ಕೆ ಬಳಿಯುವ ಕೆಂಪು ಬಣ್ಣದಲ್ಲಿ ಅಂಗೈ ಅದ್ದಬೇಕು. ಗೋಡೆಗೆ ಭುಜ ತಾಗಿಸಿ ನಿಲ್ಲಬೇಕು. ಓಡಿ ಬರುವಂತಿಲ್ಲ. ನಿಂತಲ್ಲಿಂದಲೇ ಹಾರಿ ಗೋಡೆಗೆ ಕೈ ಹೊಡೆಯಬೇಕು. ಒಂದೇ ಸಲ. ಕೆಳಗೆ ಇಸವಿ ಬರೆಯುತ್ತಾರೆ. ನಲವತ್ತೆಂಟರಿಂದ ನಡೆದು ಬಂದದ್ದು. ಗಾರ್ಡ್ ಆಡುವವರಿಗೆ, ಫಾರ್ವರ್ಡ್ ಆಡುವವರಿಗೆ ಈ ಮರ್ಯಾದೆ ಇಲ್ಲ. ಸೆಂಟರ್‌ಗೆ ಮಾತ್ರ.

ಥರ್ಮನ್ ಹಾರಿದ್ದು ಐವತ್ತೊಂಬತ್ತರಲ್ಲಿ. ನಾನು ಅಲ್ಲೇ ಇದ್ದೆ. ಹದಿನಾರು ವರ್ಷ ನನಗೆ. ಅವನು ಮೇಲೆ ಹೋದ, ಸ್ವಲ್ಪ ಹೊತ್ತು ಅಲ್ಲೇ ಇದ್ದ, ಆಮೇಲೆ ಇಳಿದ. ನನಗೆ ನೆನಪಿರುವುದು ಹಾಗೆ.

ಆ ಬೇಸಿಗೆ ಒಂದು ಕಾಲೇಜಿನಿಂದ ಆಡಲು ಬಾ ಎಂದು ಅವನಿಗೆ ಕಾಗದ ಬಂತು. ಅದೇ ವಾರ ಒಲೆಯ ಬಾಗಿಲು ಬಡಿದು ಅಪ್ಪನ ತೋಳು ಸುಟ್ಟಿತು. ಮನೆಯಲ್ಲಿ ಐದು ಬಾಯಿ. ಥರ್ಮನ್ ಕಾಗದವನ್ನು ಮಡಿಸಿ ಬೈಬಲ್‌ನಲ್ಲಿ ಇಟ್ಟು ಒಲೆಯ ಮೇಲಕ್ಕೆ ಹೋದ. ಹನ್ನೆರಡು ವರ್ಷ ಅಲ್ಲಿ ಹೊಗೆ ಕುಡಿದ. ಆಮೇಲೆ ಎದೆ ಕೇಳಲಿಲ್ಲ. ಶಾಲೆಯವರು ಕರೆದು ಗುಡಿಸುವ, ಬಡಗಿ ಕೆಲಸ ಕೊಟ್ಟರು. ತಾನು ಹಾರಿದ ಹಾಲ್‌ನ ನೆಲವನ್ನು ತಾನೇ ಗುಡಿಸಿದ. ಮೂವತ್ತು ವರ್ಷ ಗುಡಿಸಿದ. ಗುಡಿಸುವಾಗ ಒಂದು ದಿನವೂ ಗೋಡೆಯ ಕಡೆ ನೋಡಿದ್ದನ್ನು ನಾನು ಕಾಣೆ.

ಎಪ್ಪತ್ತೆರಡರ ಜೂನ್‌ನಲ್ಲಿ ನದಿ ಊರೊಳಗೆ ಬಂತು. ಹಾಲ್‌ನಲ್ಲಿ ಸೊಂಟದ ತನಕ ನೀರು. ಇಳಿದ ಮೇಲೆ ನೋಡಿದರೆ ನೆಲದ ಹಲಗೆಗಳು ಹಪ್ಪಳದ ಹಾಗೆ ಎದ್ದಿದ್ದವು. ಎಲ್ಲಾ ಕಿತ್ತು ಹಾಸಬೇಕೆಂದರೆ ಆ ಚಳಿಗಾಲದ ಆಟ ಹೋಗುತ್ತಿತ್ತು. ನಮ್ಮೂರಿನಲ್ಲಿ ಚಳಿಗಾಲದ ಆಟ ಹೋಗುವುದು ಎಂದರೆ ಚರ್ಚ್ ಮುಚ್ಚಿದ ಹಾಗೆ. ಆದ್ದರಿಂದ ಥರ್ಮನ್ ಮತ್ತು ಇನ್ನಿಬ್ಬರು ಸೇರಿ ಉಬ್ಬಿದ್ದನ್ನು ಕೆತ್ತಿ, ಹಳೇ ನೆಲದ ಮೇಲೇ ಅಡ್ಡಪಟ್ಟಿ ಜೋಡಿಸಿ, ಅದರ ಮೇಲೆ ಹೊಸ ಹಲಗೆ ಬಡಿದರು. ರಿಂಗ್‌ಗಳನ್ನೂ ಅಷ್ಟೇ ಮೇಲಕ್ಕೆ ಎತ್ತಿ ಕಟ್ಟಿದರು. ಮೊದಲು ಓಣಿಯಿಂದ ಹಾಲ್‌ಗೆ ಒಂದು ಮೆಟ್ಟಿಲು ಇಳಿಯಬೇಕಿತ್ತು. ಆಮೇಲೆ ಇಳಿಯುವುದು ತಪ್ಪಿತು. ಜನ ಒಳ್ಳೇದಾಯಿತು ಎಂದರು. ತಮ್ಮ ತಮ್ಮ ಮನೆಯ ಕೆಸರು ಬಳಿಯುವುದರಲ್ಲಿ ಇದ್ದರು. ಯಾರು ಅಳೆಯುತ್ತಾರೆ?

ಗೋಡೆ ಮಾತ್ರ ಇದ್ದಲ್ಲೇ ಇತ್ತು. ಹಳೇ ಕೈಗಳೂ ಇದ್ದಲ್ಲೇ ಇದ್ದವು. ಹೊಸ ಹುಡುಗರು ಹೊಸ ನೆಲದ ಮೇಲೆ ನಿಂತು ಹಾರಿದರು.

ಮಾತು ಶುರುವಾದದ್ದು ಅಲ್ಲಿಂದ. ನಾನು ನಾಲ್ಕನೇ ಬೀದಿಯ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಪಕ್ಕದಲ್ಲಿ ಕ್ಲಿಯೋಫಸ್ ಬೇಟಿಯ ಕ್ಷೌರದ ಅಂಗಡಿ. ನಡುವೆ ಹಲಗೆಯ ಗೋಡೆ. ಎಲ್ಲಾ ಕೇಳುತ್ತಿತ್ತು. ಕ್ಲಿಯೋಫಸ್ ಐವತ್ತೊಂಬತ್ತರ ತಂಡದಲ್ಲಿ ಗಾರ್ಡ್ ಆಗಿದ್ದವನು. ಐದಡಿ ಏಳಂಗುಲ. ಗೋಡೆಯ ಮೇಲೆ ಅವನ ಕೈ ಇಲ್ಲ. ಅದಕ್ಕೋ ಏನೋ, ಸೆಂಟರ್‌ಗಳ ವಿಷಯ ಎಂದರೆ ಅವನ ಬಾಯಿ ಮುಚ್ಚುತ್ತಿರಲಿಲ್ಲ.

"ನೋಡಯ್ಯಾ ಥರ್ಮನ್, ನಿಮ್ ಕಾಲದ ಸೆಂಟರ್‌ಗಳು ಲೈಟ್ ಕಂಬಗಳು. ಎತ್ತರ ಇತ್ತು, ಅಷ್ಟೇ. ನಿಂತ್ಕೊಂಡಿರ್ತಿದ್ರಿ, ಬಾಲು ಬಂದು ಕೈಗೆ ಬೀಳ್ತಿತ್ತು. ಈಗಿನವ್ರು ಜಿಂಕೆ ಕಣಯ್ಯಾ. ಏಳಡಿ ಆಳು ಈ ತುದಿಯಿಂದ ಆ ತುದಿಗೆ ಓಡ್ತಾನೆ, ದೂರದಿಂದ ಬಾಲ್ ಹಾಕ್ತಾನೆ, ತಿರುಗಿ ಬಂದು ರಿಂಗ್ ಮೇಲೆ ತಡೀತಾನೆ."

"ನಿನ್ ಕತ್ತರಿ ನೋಡ್ಕೊ ಕ್ಲಿಯೋ. ಕಿವಿ ಹೋಗುತ್ತೆ," ಎನ್ನುತ್ತಿದ್ದ ಥರ್ಮನ್.

ಬೆಂಚಿನ ಮೇಲೆ ಕೂತ ಯಾವನೋ ಮುದುಕ ಒಲೆಯವರ ಪಕ್ಷ ಹಿಡಿಯುತ್ತಿದ್ದ. "ಆ ಜಿಂಕೆಗೆ ತೆಳ್ಳನೆ ಕ್ಯಾನ್ವಾಸ್ ಶೂ ಹಾಕ್ಸು. ಎಂಟು ಗಂಟೆ ಒಲೆ ಮುಂದೆ ನಿಲ್ಸು. ಹುರುಳಿಕಾಯಿ, ಹಂದಿ ಕೊಬ್ಬು ತಿನ್ಸು. ಆಮೇಲೆ ಹಾರ್ಸು ನೋಡಣ."

"ತಿನ್ಸಿದ್ರೂ ಹಾರ್ತಾನೆ. ಈಗಿನವ್ರಿಗೆ ಕಬ್ಬಿಣ ಎತ್ತೋದು ಕಲಿಸ್ತಾರೆ, ನಿದ್ದೆ ಮಾಡೋದು ಕಲಿಸ್ತಾರೆ. ನಿಮ್ಗೆ ಏನ್ ಕಲಿಸಿದ್ರು? ಮೊಣಕೈಲಿ ತಿವಿಯೋದು."

"ತಿವಿಸ್ಕೊಂಡು ನಿಂತ್ಕೊಳ್ಳೋದೂ ಶಕ್ತೀನೇ ಕಣೋ. ಈಗಿನವ್ರಿಗೆ ಒಂದು ತಿವಿ, ವಿಸಿಲ್ ಊದ್ತಾರೆ."

"ಬಿಡಯ್ಯಾ. ಗೋಡೆ ನೋಡು. ನೆರೆಗೆ ಮುಂಚಿನ ಕೈ ಎಲ್ಲಿ, ನೆರೆ ಆದ್ಮೇಲಿನ ಕೈ ಎಲ್ಲಿ? ನೆರೆ ಬಂದು ಹಳೇ ತಳೀನ ತೊಳ್ಕೊಂಡು ಹೋಯ್ತು. ಹೊಸ ತಳಿ ಬಂತು. ಗೋಡೆ ಸುಳ್ಳು ಹೇಳುತ್ತಾ?"

ಗೋಡೆ ಸುಳ್ಳು ಹೇಳಲ್ಲ. ಇದು ಊರಿನ ಗಾದೆಯೇ ಆಯಿತು.

ಥರ್ಮನ್ ಬಾಯಿ ಬಿಡಲಿಲ್ಲ. ನೆಲದ ವಿಷಯ ನನಗೂ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಎಂಬತ್ತಾರರಲ್ಲಿ. ಆ ವರ್ಷದ ಸೆಂಟರ್ ಡೆಲ್‌ರಾಯ್ ಪಿಂಕ್ನಿ. ಆರಡಿ ಒಂಬತ್ತಂಗುಲ, ತುಟಿ ಬಿಗಿದುಕೊಂಡ ಹುಡುಗ. ಕಾರ್ಖಾನೆ ಮುಚ್ಚಿದ ವರ್ಷ ಅಪ್ಪ ಮನೆ ಬಿಟ್ಟು ಹೋಗಿದ್ದ. ಅಭ್ಯಾಸ ಮುಗಿದ ಮೇಲೆ ಮನೆಗೆ ಹೋಗದೆ ಥರ್ಮನ್ ಜೊತೆ ಪೊರಕೆ ಹಿಡಿಯುತ್ತಿದ್ದ. ಅವನು ಹಾರಿದ ದಿನ ಕೈ ಐವತ್ತೊಂಬತ್ತರ ಕೈಗಿಂತ ಮೂರಂಗುಲ ಮೇಲೆ ಬಿತ್ತು. ಕೆಂಪು ಕೈಯಲ್ಲೇ ಓಡಿ ಬಂದು ಥರ್ಮನ್‌ನನ್ನು ತಬ್ಬಿಕೊಂಡ.

"ಮಿಸ್ಟರ್ ಥರ್ಮನ್! ನಿಮ್ಮನ್ನ ಸೋಲಿಸ್ದೆ! ಮೂರಂಗುಲ!"

"ಸೋಲಿಸ್ದೆ ಕಣೋ," ಎಂದ ಇವನು.

ಅಂಗಿಯ ಬೆನ್ನಿನ ಮೇಲೆ ಕೆಂಪು ಬಣ್ಣ ಅಂಟಿತ್ತು. ಒಗೆದರೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮೆಕ್ಕೆಜೋಳದ ಗಂಜಿ ಮುಂದಿಟ್ಟುಕೊಂಡು ಅವನು ಅಂಗೈಯನ್ನು ಮೇಜಿನ ಮೇಲೆ ಅಡ್ಡಡ್ಡ ನಿಲ್ಲಿಸಿದ. ಕಿರುಬೆರಳು ಕೆಳಗೆ, ಹೆಬ್ಬೆರಳು ಮೇಲೆ.

"ಇಷ್ಟು," ಎಂದ.

"ಏನಿಷ್ಟು?"

"ಆ ನೆಲಾನ ನಾನು ಇಷ್ಟು ಮೇಲೆತ್ತಿದೀನಿ ವರ್ಡೆಲ್. ಎಪ್ಪತ್ತೆರಡ್ರಲ್ಲಿ. ಆಮೇಲೆ ಹಾರಿದೋರೆಲ್ಲಾ ನನ್ ಕೈ ಅಗಲದ ಮೇಲೆ ನಿಂತು ಹಾರಿದಾರೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಚಮಚ ಬಿಸಾಕಿದೆ.

"ಮತ್ತೆ ಹೇಳ್ಬಾರ್ದಾ? ಆ ಕ್ಲಿಯೋಫಸ್ ದಿನಾ ನಿನ್ನ ಲೈಟ್ ಕಂಬ ಅಂತಾನೆ. ಕೂತು ಕೇಳ್ತೀಯಲ್ಲ."

"ಹೇಳಿ?"

"ಹೇಳಿ ಏನು ಅಂದ್ರೆ? ನಿಂದೇ ಮೇಲಿರೋದು ಅಂತ ಹೇಳು."

"ಆ ಹುಡುಗ ನಕ್ಕಿದ್ದು ನೋಡಿದೀಯಾ ನೀನು? ಎರಡು ವರ್ಷದಲ್ಲಿ ಮೊದಲನೇ ಸಲ."

"ನೀನು ನಗೋದು ಬೇಡ್ವಾ?"

"ನಾನು ನಕ್ಕಾಯ್ತು. ಐವತ್ತೊಂಬತ್ತರಲ್ಲಿ." ಗಂಜಿ ತಿಂದು ಕೆಲಸಕ್ಕೆ ಹೋದ.

ಮೂವತ್ತೊಂದು ವರ್ಷ ಆ ಮಾತು ನನ್ನ ಗಂಟಲಲ್ಲಿತ್ತು. ಕೆಲವು ಸಲ ಜಗಳ ತೆಗೆದೆ. ಅವನು ಜಗಳಕ್ಕೆ ಬರುವವನಲ್ಲ. ಎದ್ದು ಹೋಗಿ ಅಡುಗೆಮನೆಯ ತೊಟ್ಟಿಕ್ಕುವ ನಲ್ಲಿ ಬಿಗಿಮಾಡುತ್ತಿದ್ದ. ಆ ನೆಲ ಹಾಸಿದ ಇನ್ನಿಬ್ಬರೂ ಸತ್ತರು. ಆಮೇಲೆ ಇವನೂ.

ಡೆಲ್‌ರಾಯ್ ಕಾಲೇಜಿಗೆ ಹೋದ. ಎರಡನೇ ವರ್ಷ ಮಂಡಿ ಹೋಯಿತು. ಊರಿಗೆ ಬಂದು ಅದೇ ಹಾಲ್‌ನಲ್ಲಿ ಕೋಚ್ ಆದ. ಈಗ ಅವನ ತಲೆಯೂ ನರೆತಿದೆ. ಶವಪೆಟ್ಟಿಗೆಯ ಮುಂದಿನ ಎಡ ಮೂಲೆಯನ್ನು ಹೊತ್ತವನು ಅವನೇ. ಕುಂಟುತ್ತಾ ಹೊತ್ತ. ಯಾರಿಗೂ ಬಿಟ್ಟುಕೊಡಲಿಲ್ಲ.

ಮೇ ತಿಂಗಳ ಕೊನೆಗೆ ಚರ್ಚಿನಲ್ಲಿ ಹೇಳಿದರು. ಹೊಸ ಶಾಲೆ ತಯಾರಾಗಿದೆ, ಹಳೇ ಹಾಲ್ ಕೆಡವುತ್ತಾರೆ. ಗೋಡೆಯಿಂದ ಒಂದು ಕೈಯನ್ನು ಕೊಯ್ದು ತೆಗೆದು ಹೊಸ ಶಾಲೆಯಲ್ಲಿ ಇಡುತ್ತಾರೆ. ಒಂದೇ. ಗಾರೆ ಕೆಲಸದ ಕೋವಾಲ್ ಬಂದು ಗೋಡೆ ತಟ್ಟಿ ನೋಡಿ ಹೇಳಿದ್ದನಂತೆ, ಇಟ್ಟಿಗೆ ಗಟ್ಟಿ, ನಡುವಿನ ಗಾರೆ ಪುಡಿ, ಎರಡು ಕಡೆ ಕೊಯ್ದರೆ ಮೊದಲನೆಯದೂ ಉದುರುತ್ತದೆ ಎಂದು. ಯಾರ ಕೈ? ಎಲ್ಲಕ್ಕಿಂತ ಮೇಲಿರುವುದು ಎಂದರು ಪ್ರಿನ್ಸಿಪಾಲ್. ಅವರು ಹೊರಗಿನಿಂದ ಬಂದ ಚಿಕ್ಕ ವಯಸ್ಸಿನ ಹೆಂಗಸು. ನ್ಯಾಯವಾಗಿಯೇ ಹೇಳಿದರು. ಶನಿವಾರ ಹತ್ತು ಗಂಟೆಗೆ ಅಳತೆ. ಸೋಮವಾರ ಕೊಯ್ಯುವುದು. ಮಂಗಳವಾರ ಕೆಡವುವುದು.

ಮಿಕ್ಕ ಕೈಗಳು ಇಟ್ಟಿಗೆ ಪುಡಿ.

ನನಗೆ ಮಕ್ಕಳಿಲ್ಲ. ಅವನ ಅಂಗಿಗಳನ್ನು ಚರ್ಚಿಗೆ ಕೊಟ್ಟಿದ್ದೆ. ಉದ್ದದ ಅಂಗಿ, ಊರಿನಲ್ಲಿ ಯಾರಿಗೂ ಆಗಲಿಲ್ಲ, ವಾಪಸು ಬಂದವು. ನನಗೆ ಆ ಕೈ ಬೇಕಿತ್ತು. ಯಾರು ಎಷ್ಟು ಹಾರಿದರು ಎಂಬುದರಿಂದ ನನಗೆ ಏನೂ ಆಗಬೇಕಿರಲಿಲ್ಲ. ಆ ಕೈ ಪುಡಿಯಾಗಬಾರದು. ಅಷ್ಟೇ.

ಶನಿವಾರ ಬೆಳಿಗ್ಗೆ ಎದ್ದು ನನ್ನ ಅಂಗೈಯನ್ನು ಮೇಜಿನ ಮೇಲೆ ಅವನ ಹಾಗೆ ಅಡ್ಡ ನಿಲ್ಲಿಸಿದೆ. ಹೊಲಿಗೆಯ ಟೇಪಿನಿಂದ ಅಳೆದೆ. ಮೂರಕ್ಕೆ ಸ್ವಲ್ಪ ಕಡಿಮೆ. ಅವನದು ಎಷ್ಟು? ಗೊತ್ತಿಲ್ಲ. ಐವತ್ನಾಲ್ಕು ವರ್ಷ ಹಿಡಿದುಕೊಂಡ ಕೈ, ಅಗಲ ಗೊತ್ತಿಲ್ಲ. ಅವನ ಉಣ್ಣೆಯ ಕೈಗವಸು ತೆಗೆದು ಅಳೆದೆ. ನಾಲ್ಕು. ಆದರೆ ಉಣ್ಣೆ ಹಿಗ್ಗುತ್ತದೆ. ಮೇಲಾಗಿ ಅವನು ಹೇಳಿದ್ದು ಬಾಯಿಮಾತು. ಇಷ್ಟು ಎಂದಿದ್ದು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಮೂರಕ್ಕಿಂತ ಒಂದು ನೂಲು ಕಡಿಮೆಯಾದರೆ ನಾನು ಊರಿನ ಮುಂದೆ ಸುಳ್ಳಿ. ಅವನೂ ಸುಳ್ಳ, ಗೋರಿಯೊಳಗಿನಿಂದ. ಮೂರಕ್ಕಿಂತ ಹೆಚ್ಚಾದರೆ, ಅವನ ಪೆಟ್ಟಿಗೆ ಹೊತ್ತವನ ಕೈಯನ್ನು ನಾನು ಪುಡಿಗೆ ಹಾಕಿದ ಹಾಗೆ.

ಚರ್ಚಿನ ಟೋಪಿ ಹಾಕಿಕೊಂಡು ಹೋದೆ.

ಹಾಲ್ ತುಂಬಿತ್ತು. ಹೆಂಗಸರು ಕೇಕ್, ಕಡುಬು ತಂದಿದ್ದರು. ಕೋವಾಲ್ ಏಣಿ ಹತ್ತಿ ಉಕ್ಕಿನ ಟೇಪ್ ಇಳಿಬಿಟ್ಟ. ಅವನ ಆಳು ಕೆಳಗೆ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದ. ನಡುಬೆರಳಿನ ತುದಿಗೆ ಅಳತೆ. ಕೋವಾಲ್ ಕೂಗಿ ಹೇಳುತ್ತಿದ್ದ, ಪ್ರಿನ್ಸಿಪಾಲ್ ಬರೆದುಕೊಳ್ಳುತ್ತಿದ್ದರು.

"ಎರಡು ಸಾವಿರದ ಹನ್ನೆರಡು. ಹತ್ತಡಿ ಹನ್ನೊಂದಂಗುಲ!"

ಚಪ್ಪಾಳೆ.

"ಎಂಬತ್ತಾರು. ಹನ್ನೊಂದಡಿ, ಸರಿಯಾಗಿ!"

ಜೋರು ಚಪ್ಪಾಳೆ. ಡೆಲ್‌ರಾಯ್ ನನ್ನ ಪಕ್ಕದಲ್ಲೇ ನಿಂತಿದ್ದ. ಕೈ ಕಟ್ಟಿಕೊಂಡಿದ್ದ. ನಗಲಿಲ್ಲ, ಆದರೆ ಕಿವಿ ಕೆಂಪಾಗಿದ್ದವು.

"ಐವತ್ತೊಂಬತ್ತು. ಹತ್ತಡಿ ಒಂಬತ್ತಂಗುಲ!"

ಇದಕ್ಕೂ ಚಪ್ಪಾಳೆ ಹೊಡೆದರು. ನನ್ನ ಕಡೆ ನೋಡಿ ಮೆಲ್ಲಗೆ ಹೊಡೆದರು. ಸತ್ತವರಿಗೆ ಹೊಡೆಯುವ ಚಪ್ಪಾಳೆ ನನಗೆ ಗೊತ್ತು.

"ನಾನ್ ಹೇಳಿರ್ಲಿಲ್ವಾ," ಎಂದ ಕ್ಲಿಯೋಫಸ್. ಎಪ್ಪತ್ತೇಳು ವರ್ಷ, ಊರುಗೋಲು ಹಿಡಿದಿದ್ದ, ಬಾಯಿ ಮಾತ್ರ ಹಾಗೇ ಇತ್ತು. "ನೆರೆಗೆ ಮುಂಚೆ ಕಂಬ, ನೆರೆ ಆದ್ಮೇಲೆ ಜಿಂಕೆ. ಥರ್ಮನ್ ಇದ್ದಿದ್ರೂ ಒಪ್ಕೊಳ್ತಿದ್ದ. ಗೋಡೆ ಸುಳ್ಳು ಹೇಳಲ್ಲ."

ಪ್ರಿನ್ಸಿಪಾಲ್ ಹೆಸರು ಓದಲು ಕಾಗದ ಎತ್ತಿದರು. ನಾನು ಕೈ ಎತ್ತಿದೆ.

"ಅಳತೆ ತಪ್ಪು."

ಕೋವಾಲ್ ಏಣಿಯ ಮೇಲಿಂದ ತಿರುಗಿ ನೋಡಿದ. "ಟೇಪು ಉಕ್ಕಿಂದಮ್ಮಾ. ತಪ್ಪಲ್ಲ."

"ಟೇಪು ಸರಿ. ನೆಲ ತಪ್ಪು."

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಏನ್ ಹೇಳ್ತಿದೀರಿ ಮಿಸ್ ವರ್ಡೆಲ್?" ಡೆಲ್‌ರಾಯ್ ಮೆಲ್ಲಗೆ ಕೇಳಿದ.

ನಾನು ಅವನ ಮುಖ ನೋಡಲಿಲ್ಲ. ಕೋವಾಲ್‌ಗೆ ಹೇಳಿದೆ. ಎಪ್ಪತ್ತೆರಡರ ನೆರೆ, ಹಳೇ ನೆಲದ ಮೇಲೆ ಹೊಸ ನೆಲ, ಇಲ್ಲದಂತಾದ ಮೆಟ್ಟಿಲು. ಇಷ್ಟು ಎಂದು ಅವನು ಮೇಜಿನ ಮೇಲೆ ಕೈ ನಿಲ್ಲಿಸಿದ್ದು. ಮುದುಕರು ಬಾಗಿಲ ಕಡೆ ತಿರುಗಿದರು. ಒಬ್ಬಳು, "ಹೌದಲ್ವೇ, ಅಲ್ಲೊಂದು ಮೆಟ್ಲಿತ್ತು. ನಾನು ಮುಗ್ಗರಿಸಿ ಹಲ್ಲು ಮುರ್ಕೊಂಡಿದ್ದೆ," ಎಂದಳು.

ಕ್ಲಿಯೋಫಸ್‌ಗೆ ಸಿಟ್ಟು ಬಂತು. "ನಲವತ್ತೈದು ವರ್ಷ ಸುಮ್ನಿದ್ದು ಈಗ ಹೇಳ್ತೀಯಾ ತಾಯಿ? ಸತ್ತೋನು ಎದ್ದು ಬಂದು ಸಾಕ್ಷಿ ಹೇಳ್ತಾನಾ?"

"ಅವ್ನು ಬರೋದು ಬೇಡ. ನೆಲ ಹೇಳುತ್ತೆ. ಕೀಳಿ."

ಪ್ರಿನ್ಸಿಪಾಲ್ ಕೀಳಬಹುದೋ ಇಲ್ಲವೋ ಎಂದು ಯೋಚಿಸುತ್ತಿದ್ದರು. ಮಂಗಳವಾರ ಹೇಗೂ ಕೆಡವುವ ನೆಲ. ಅಷ್ಟರಲ್ಲಿ ಡೆಲ್‌ರಾಯ್ ಹೋಗಿ ಕೋವಾಲ್‌ನ ಸಾಮಾನಿನಿಂದ ಹಾರೆ ಎತ್ತಿಕೊಂಡ.

"ಕೋಚ್, ನಾನ್ ಕೀಳ್ತೀನಿ ಕೊಡಿ," ಎಂದ ಕೋವಾಲ್‌ನ ಆಳು.

"ಬೇಡ."

ಗೋಡೆಯ ಬುಡಕ್ಕೆ ಹೋದ. ಕೆಟ್ಟ ಮಂಡಿಯನ್ನು ಹಿಡಿದುಕೊಂಡು ಕೆಳಗೆ ಕೂತ. ಹಲಗೆಯ ಸಂದಿಗೆ ಹಾರೆ ತೂರಿಸಿದ. ತಾನು ಹಾರಿದ ಜಾಗದಲ್ಲೇ.

ಹಲಗೆ ಏಳಲಿಲ್ಲ. ಥರ್ಮನ್ ಮೊಳೆಯನ್ನು ನೇರ ಹೊಡೆಯುವವನಲ್ಲ. ಓರೆಯಾಗಿ ಹೊಡೆಯುತ್ತಿದ್ದ, ಎರಡೆರಡು. ನಮ್ಮ ಮನೆಯಲ್ಲೂ ಅವನು ಹೊಡೆದ ಒಂದು ಮೊಳೆಯನ್ನೂ ನನ್ನಿಂದ ಕೀಳಲು ಆಗಿಲ್ಲ. ಡೆಲ್‌ರಾಯ್ ಮೈಭಾರವನ್ನೆಲ್ಲಾ ಹಾಕಿ ಒತ್ತಿದ. ಹಲಗೆ ಕಿರುಗುಟ್ಟಿತು. ಮೂರು ಎಂದುಕೊಂಡೆ. ದೇವರೇ, ಮೂರಕ್ಕಿಂತ ಹೆಚ್ಚಿರಲಿ. ಆಮೇಲೆ ಅವನ ಬಗ್ಗಿದ ಬೆನ್ನು ನೋಡಿ, ಕಡಿಮೆಯೇ ಇರಲಿ ಎಂದೂ ಅನಿಸಿತು. ಒಂದು ಕ್ಷಣ. ಆಮೇಲೆ ಇಲ್ಲ.

ಮೊದಲನೇ ಹಲಗೆ ಸೀಳಿಕೊಂಡು ಎದ್ದಿತು. ಎರಡನೆಯದು. ಮೂರನೆಯದು. ಒಳಗಿನಿಂದ ನದಿಯ ಕೆಸರಿನ ವಾಸನೆ ಬಂತು. ಎಪ್ಪತ್ತೆರಡರ ವಾಸನೆ. ಮುದುಕಿಯರು ಮೂಗಿಗೆ ಕರವಸ್ತ್ರ ಹಿಡಿದರು. ಕೋವಾಲ್ ಟಾರ್ಚ್ ಬಿಟ್ಟ. ಅಡಿಯಲ್ಲಿ ಕಪ್ಪಾದ ಹಳೇ ಹಲಗೆ, ಅದರ ಮೇಲೆ ಆಟದ ಗೆರೆಯ ಬಿಳಿ ಬಣ್ಣ ಇನ್ನೂ ಕಾಣುತ್ತಿತ್ತು.

"ಇದೆ," ಎಂದ ಕೋವಾಲ್. "ಒಂದು ನೆಲ ಕೆಳಗಿದೆ."

"ಅಳೀರಿ," ಎಂದ ಡೆಲ್‌ರಾಯ್.

ಕೋವಾಲ್ ಮಡಚುವ ಅಳತೆಕೋಲನ್ನು ಒಳಗಿಟ್ಟ. ಕನ್ನಡಕ ಸರಿಮಾಡಿಕೊಂಡ. ತೆಗೆದು ಮತ್ತೆ ಬೇರೆ ಕಡೆ ಇಟ್ಟ.

"ನಾಲ್ಕೂವರೆ."

ಕೂಡಿಸಲು ಯಾರಿಗೂ ಕಾಗದ ಬೇಕಾಗಲಿಲ್ಲ. ಹನ್ನೊಂದಡಿ ಒಂದೂವರೆ ಅಂಗುಲ. ಎಂಬತ್ತಾರರ ಕೈಗಿಂತ ಒಂದೂವರೆ ಮೇಲೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕೋವಾಲ್ ತನ್ನಷ್ಟಕ್ಕೆ ತಾನೇ ಸೀಮೆಸುಣ್ಣ ಹಿಡಿದು ನೆರೆಗೆ ಮುಂಚಿನ ಪ್ರತಿ ಕೈಯ ಮೇಲೂ ನಾಲ್ಕೂವರೆ ಅಂಗುಲ ಬಿಟ್ಟು ಒಂದೊಂದು ಗೆರೆ ಎಳೆದ. ಇಳಿದು ಬಂದು ದೂರ ನಿಂತು ನೋಡಿದ. ನಾವೂ ನೋಡಿದೆವು. ಹಳಬರು ಹೊಸಬರು ಇಸ್ಪೀಟಿನ ಎಲೆಗಳ ಹಾಗೆ ಕಲಸಿಹೋಗಿದ್ದರು. ಐವತ್ತೊಂದರವನು ತೊಂಬತ್ತನಾಲ್ಕರವನ ಮೇಲೆ. ಅರವತ್ತಾರರವನು ಎಲ್ಲರಿಗಿಂತ ಕೆಳಗೆ, ಅವನು ಆಗಲೂ ದಪ್ಪ. ಯಾವ ಕಾಲವೂ ಗೆದ್ದಿರಲಿಲ್ಲ. ಕೆಲವರು ಹಾರುತ್ತಿದ್ದರು, ಕೆಲವರು ಹಾರುತ್ತಿರಲಿಲ್ಲ.

ಕ್ಲಿಯೋಫಸ್ ಬೆಂಚಿನ ಮೇಲೆ ಕೂತುಬಿಟ್ಟ. "ನಲವತ್ತು ವರ್ಷ ಮಾತಾಡ್ದೆ," ಎಂದ. "ಅವ್ನ್ ತಲೆಗೂದಲು ಕತ್ತರಿಸ್ತಾ ಮಾತಾಡ್ದೆ. ಕೇಳ್ತಾ ಕೂತಿರ್ತಿದ್ನಲ್ಲ, ಬಡ್ಡೀಮಗ." ಅವನ ಕಣ್ಣಲ್ಲಿ ನೀರಿತ್ತು. ಹೂಳಿದ ದಿನ ಆ ನೀರು ಇರಲಿಲ್ಲ.

ಡೆಲ್‌ರಾಯ್ ಇನ್ನೂ ಗುಂಡಿಯ ಪಕ್ಕದಲ್ಲೇ ಕೂತಿದ್ದ.

"ನಗ್ತಿದ್ರಾ?" ಎಂದ.

"ಯಾರು?"

"ಮಿಸ್ಟರ್ ಥರ್ಮನ್. ನಾನು ಇವರನ್ನ ಸೋಲಿಸ್ದೆ ಅಂತ ಮೂವತ್ತು ವರ್ಷ ಹುಡುಗರಿಗೆಲ್ಲಾ ಹೇಳಿದೀನಿ. ಅವರೆದುರಿಗೇ ಹೇಳಿದೀನಿ. ಮನೆಗೆ ಬಂದು ನಗ್ತಿದ್ರಾ?"

"ಇಲ್ಲ. ಒಂದ್ ಸಲಾನೂ ಇಲ್ಲ."

"ನೀವು?"

"ನನಗೆ ನಗು ಬರ್ಲಿಲ್ಲ. ಸಿಟ್ಟು ಬರ್ತಿತ್ತು."

"ನನ್ ಮೇಲೆ?"

"ಅವ್ನ್ ಮೇಲೆ. ನಿನ್ ಮೇಲೂ."

ಅವನು ಹಾರೆಯನ್ನು ನೆಲದ ಮೇಲೆ ಇಟ್ಟ. ಎಸೆಯಲಿಲ್ಲ, ಇಟ್ಟ. ಎದ್ದು ಕುಂಟುತ್ತಾ ಹೊರಗೆ ಹೋದ. ಅವನ ಹೆಂಡತಿ ತಂದಿದ್ದ ಕೇಕನ್ನು ಯಾರೂ ಮುಟ್ಟಲಿಲ್ಲ.

ಪ್ರಿನ್ಸಿಪಾಲ್ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. ಹೊಸ ಶಾಲೆಯ ಬಾಗಿಲು ಹೊಕ್ಕ ಕೂಡಲೇ ಎದುರಿಗೆ ಇಡುತ್ತೇವೆ ಎಂದರು. ಹಾರಿದಷ್ಟೇ ಎತ್ತರದಲ್ಲಿ, ಹನ್ನೊಂದಡಿ ಒಂದೂವರೆ ಅಂಗುಲಕ್ಕೆ ಸರಿಯಾಗಿ, ಮೇಲೆ ಗಾಜು ಹಾಕಿ. ಮಕ್ಕಳು ನೋಡಿ ಹಾರಲು ಕಲಿಯುತ್ತಾರೆ ಎಂದರು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಾನು ಐದಡಿ ಒಂದಂಗುಲ. ಊರಿನ ಮುಂದೆ ನಿಂತು ಎತ್ತರ ಕೇಳಿದೆ, ಎತ್ತರ ಕೊಟ್ಟರು. ಬಾಯಿ ಮುಚ್ಚಿಕೊಂಡಿದ್ದರೆ ಮಂಗಳವಾರ ಹೋಗಿ ಪುಡಿಯನ್ನಾದರೂ ಹಿಟ್ಟಿನ ಚೀಲದಲ್ಲಿ ತುಂಬಿಕೊಂಡು ಬರಬಹುದಿತ್ತು. ಈಗ ಅದು ಗಾಜಿನ ಹಿಂದೆ, ನನ್ನ ಕೈಗೆ ಸಿಗದಲ್ಲಿ.

"ಒಳ್ಳೇದು," ಎಂದೆ. ಬೇರೆ ಏನು ಹೇಳಲಿ?

ಸೋಮವಾರ ಏಳು ಗಂಟೆಗೇ ಹೋದೆ. ಕೋವಾಲ್ ಕೈಯ ಸುತ್ತ ಎರಡಡಿ ಉದ್ದ ಎರಡಡಿ ಅಗಲದ ಗೆರೆ ಎಳೆದು ಕಬ್ಬಿಣದ ಚೌಕಟ್ಟು ಬಿಗಿದಿದ್ದ. ನೀರು ಬಿಡುತ್ತಾ ಅವನ ಆಳುಗಳು ಗರಗಸ ಹಚ್ಚಿದರು. ಕೆಂಪು ನೀರು ಗೋಡೆಯ ಮೇಲೆ ಇಳಿಯಿತು. ಇಟ್ಟಿಗೆಯ ನೀರು, ಬಣ್ಣದ್ದಲ್ಲ, ಆದರೂ ನಾನು ಕಣ್ಣು ತಿರುಗಿಸಿದೆ. ಮೂರು ಬದಿ ಆಯಿತು. ನಾಲ್ಕನೇ ಬದಿಯ ಅರ್ಧಕ್ಕೆ ಗೋಡೆ ಟಕ್ ಎಂದಿತು.

"ನಿಲ್ಸಿ!" ಎಂದ ಕೋವಾಲ್. ಕಿರುಬೆರಳಿನ ಬುಡದಲ್ಲಿ ಒಂದು ಬಿರುಕು. ಅದು ನಡೆಯುತ್ತಿತ್ತು. ನಾನು ನೋಡುತ್ತಿದ್ದ ಹಾಗೇ ಒಂದು ಕೂದಲೆಳೆಯಷ್ಟು ನಡೆಯಿತು. "ಚೌಕಟ್ಟನ್ನ ಕೆಳಗಿಂದ ಎತ್ತಿ ಹಿಡೀಬೇಕು. ಭಾರ ಗೋಡೆ ಮೇಲೆ ಬಿಡಬಾರ್ದು. ನಿಮ್ಮಿಬ್ರಿಗೆ ಎಟುಕಲ್ಲ ಅದು. ಎತ್ತರದೋರು ಯಾರಾದ್ರೂ ಇದಾರಾ?"

ಅಟ್ಟಣಿಗೆಯ ಮೇಲೆ ನಿಂತರೂ ಅವನ ಆಳುಗಳ ಭುಜ ಕೆಳಗಿನ ಅಂಚಿಗೆ ಮುಟ್ಟುತ್ತಿರಲಿಲ್ಲ.

ಡೆಲ್‌ರಾಯ್ ಯಾವಾಗ ಬಂದನೋ ನಾನು ನೋಡಲಿಲ್ಲ. ಅಟ್ಟಣಿಗೆ ಹತ್ತಿದ. ಒಂದೊಂದು ಮೆಟ್ಟಿಲಿಗೂ ಒಳ್ಳೇ ಕಾಲು ಮೊದಲು. ಕಬ್ಬಿಣದ ಚೌಕಟ್ಟಿನ ಕೆಳಗೆ ಭುಜ ಕೊಟ್ಟು, ಎರಡೂ ಕೈ ಮೇಲೆತ್ತಿ ಹಿಡಿದ. ಪೆಟ್ಟಿಗೆ ಹೊತ್ತ ಅದೇ ಭುಜ.

"ಕೊಯ್ಯಿ," ಎಂದ.

ಗರಗಸ ಮತ್ತೆ ಶುರುವಾಯಿತು. ಅವನ ಮುಖದ ತುಂಬ ಕೆಂಪು ನೀರು. ಕಾಲು ನಡುಗುತ್ತಿತ್ತು, ಕೆಟ್ಟ ಕಾಲು. ಅವನ ತಲೆಯಿಂದ ಒಂದು ಮೊಳ ದೂರದಲ್ಲಿ ಅವನದೇ ಕೈ, ಎಂಬತ್ತಾರರದು. ಅದರ ಕಡೆ ನೋಡಲಿಲ್ಲ. ಕೊನೆಯ ಅಂಗುಲ ಬಿಡಿಸಿಕೊಂಡಾಗ ಇಡೀ ಭಾರ ಅವನ ಮೇಲೆ ಬಂತು. ಉಸಿರು ಬಿಟ್ಟ ಸದ್ದು ಕೆಳಗಿದ್ದ ನನಗೂ ಕೇಳಿಸಿತು. ಬಿಡಲಿಲ್ಲ. ಹಗ್ಗ ಬಿಗಿದು ನಾಲ್ವರೂ ಸೇರಿ ಅಂಗುಲ ಅಂಗುಲವಾಗಿ ಇಳಿಸಿದರು. ನೆಲಕ್ಕೆ ಕಂಬಳಿ ಹಾಸಿ ಮಲಗಿಸಿದರು.

ಬಿರುಕು ಕಿರುಬೆರಳಿನ ಹತ್ತಿರ ನಿಂತಿತ್ತು. ಕೈ ಇಡಿಯಾಗಿತ್ತು.

ಡೆಲ್‌ರಾಯ್ ಮುಖ ಒರೆಸಿಕೊಂಡು ಕೋವಾಲ್‌ಗೆ ಹೇಳಿದ, "ಕಾಫಿ ಕುಡ್ಕೊಂಡು ಬನ್ನಿ."

"ಲಾರಿ ಕಾಯ್ತಿದೆ ಕೋಚ್."

"ಕಾಯ್ಲಿ."

ಅವರು ಹೋದರು. ನಾನು ಟೋಪಿ ತೆಗೆದಿಟ್ಟು ಕಂಬಳಿಯ ಮೇಲೆ ಕೂತೆ. ಇಟ್ಟಿಗೆ ತಣ್ಣಗಿತ್ತು, ಒದ್ದೆಯಾಗಿತ್ತು. ಒಲೆ ಸುಡುವ ಮೊದಲಿನ ಕೈ ಅದು. ಗಾಯವಿಲ್ಲ, ಗಂಟಿಲ್ಲ. ಮದುವೆಯಾದಾಗ ನನಗೆ ಸಿಕ್ಕಿದ್ದು ಆಗಲೇ ಸುಟ್ಟ ಕೈ. ಅದರ ಮೇಲೆ ನನ್ನ ಅಂಗೈ ಇಟ್ಟೆ. ನನ್ನ ಬೆರಳ ತುದಿ ಅವನ ಬೆರಳಿನ ಅರ್ಧಕ್ಕೆ ಬಂತು.

ಡೆಲ್‌ರಾಯ್ ನನಗೆ ಬೆನ್ನು ಹಾಕಿ ಗೋಡೆಯ ಬುಡಕ್ಕೆ ಹೋದ. ಶನಿವಾರ ಕಿತ್ತ ಹಲಗೆಗಳು ಅಲ್ಲೇ ಬಿದ್ದಿದ್ದವು. ಒಂದನ್ನು ಆರಿಸಿ ತೊಡೆಯ ಮೇಲೆ ಇಟ್ಟುಕೊಂಡ.

ಸ್ವಲ್ಪ ಹೊತ್ತಾದ ಮೇಲೆ ತಿರುಗದೆಯೇ ಕೇಳಿದ. "ಆಯ್ತಾ ಮಿಸ್ ವರ್ಡೆಲ್?"

"ಇಲ್ಲ."

"ಸರಿ."

ನಾನು ಕೈ ತೆಗೆಯುವ ತನಕ ಅವನು ಅಲ್ಲೇ ಕೂತು ಆ ಹಲಗೆಯಿಂದ ಮೊಳೆ ಕೀಳುತ್ತಿದ್ದ. ಥರ್ಮನ್ ಹೊಡೆದ ಮೊಳೆ, ಓರೆಯಾಗಿ, ಎರಡೆರಡು. ಬಹಳ ಹೊತ್ತು ಹಿಡಿಯಿತು.